ರೊಟ್ಟಿ ಬಡಿಯುವವರ ಪ್ರಣಾಳಿಕೆ

ನಾವು ಕಲಬುರಗಿ, ವಿಜಯಪುರ, ಬಾಗಲಕೋಟೆ ಸೀಮೆಯ ಹೆಣ್ಣುಮಕ್ಕಳು. ನಸುಕಿನಲ್ಲೆದ್ದು ಎಸರಿಟ್ಟು, ಅಂಗೈ ಚುರುಗುಟ್ಟುವ ಬಿಸಿಯಲ್ಲೇ ಜೋಳದ ಹಿಟ್ಟು ನಾದುತ್ತೇವೆ. ಬಡಿದು, ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಕಟಕಾಗುವವರೆಗೆ ಬೇಯಿಸಿದ ರೊಟ್ಟಿ ಬೆಂಗಳೂರಿನ ಅಂಗಡಿಗಳನ್ನು ಸೇರುತ್ತದೆ. ಊರು ಮಾತ್ರ ಇದನ್ನು ಇನ್ನೂ ಮನೆಗೆಲಸ ಎನ್ನುತ್ತದೆ. ಇದು ಉದ್ಯಮ, ನಾವು ಉದ್ಯಮಿಗಳು. ಹಾಗೆಂದು ಒಕ್ಕೊರಲಿನಿಂದ ಹೇಳಲು ಇಂದು ಒಂದಾಗಿದ್ದೇವೆ.

ತರಬೇತಿ ಶಿಬಿರಗಳನ್ನು ಬೇಕಾದಷ್ಟು ಕಂಡಿದ್ದೇವೆ. ನಮ್ಮಲ್ಲಿಲ್ಲದ್ದು ಬಂಡವಾಳ. 2000ದ ಹೊತ್ತಿಗೆ ಶುರುವಾದ ಸ್ತ್ರೀಶಕ್ತಿ ಸಂಘಗಳು ನಮಗೆ ಉಳಿತಾಯ ಕಲಿಸಿದವು, ಆ ಋಣ ದೊಡ್ಡದು. ಆದರೆ ಸಂಘದ ಸಾಲ ಹತ್ತಾರು ಮಂದಿಗೆ ಹಂಚಿಹೋದ ಮೇಲೆ ಕೈಗೆ ಬರುವ ದುಡ್ಡಿನಲ್ಲಿ ರೊಟ್ಟಿ ಯಂತ್ರ ಬರುವುದಿಲ್ಲ. ಮುದ್ರಾ ಯೋಜನೆಯಲ್ಲಿ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಬೇಕಿಲ್ಲ. ಆದರೂ ಕೌಂಟರಿನಲ್ಲಿ, “ಪಹಣಿ ತಂದೀರೇನು? ಯಜಮಾನರನ್ನ ಕರಕೊಂಡು ಬರ್ರಿ” ಎನ್ನುತ್ತಾರೆ. ಗಂಡನನ್ನು ಕಳೆದುಕೊಂಡ ಅಕ್ಕ ಯಾರನ್ನು ಕರೆದೊಯ್ಯಬೇಕು?

ಪಹಣಿಯಲ್ಲಿ ನಮ್ಮ ಹೆಸರಿಲ್ಲದಿರುವುದಕ್ಕೆ ಕಾನೂನಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರಲ್ಲೇ ಜಾರಿಗೆ ಬಂತು. 2005ರಲ್ಲಿ ಇಡೀ ದೇಶದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಸಿಕ್ಕಿತು. ಅದನ್ನು ಕಸಿಯುವುದು ಹಕ್ಕುಬಿಡುಗಡೆ ಪತ್ರ. ಪಂಚಮಿಗೆ ಸೀರೆ ಉಡಿಸಿ, ಉಡಿ ತುಂಬಿ, ಆಮೇಲೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಾರೆ. ಸಹಿ ಹಾಕದಿದ್ದರೆ ತವರು ಕಡಿದುಹೋದೀತೆಂಬ ಅಂಜಿಕೆಗೆ ಹೆಬ್ಬೆಟ್ಟು ಒತ್ತಿದವರು ನಮ್ಮಲ್ಲೇ ಇದ್ದಾರೆ. ಅಣ್ಣತಮ್ಮಂದಿರ ಮೇಲೆ ನಮಗೆ ಹಗೆಯಿಲ್ಲ, ಆದರೆ ಇನ್ನು ಮುಂದೆ ಆ ಪತ್ರಕ್ಕೆ ಸಹಿ ಹಾಕುವುದಿಲ್ಲ. ಒಬ್ಬಳ ಮೇಲೆ ಒತ್ತಡ ಬಂದರೆ ಆಕೆಯ ಜೊತೆ ಎಲ್ಲರೂ ಹೋಗಿ ನಿಲ್ಲುತ್ತೇವೆ.

ಸರ್ಕಾರ ನಮ್ಮ ಗಿರಾಕಿಯಾಗಲಿ. ಕೇಂದ್ರದ ಇಲಾಖೆಗಳು, ಉದ್ದಿಮೆಗಳು ತಮ್ಮ ಖರೀದಿಯಲ್ಲಿ ಶೇ 3ರಷ್ಟನ್ನು ಮಹಿಳೆಯರ ಕಿರು ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕೆಂದು 2018ರಲ್ಲೇ ಆದೇಶವಾಗಿದೆ. ನಮ್ಮ ಜಿಲ್ಲೆಗಳ ಸರ್ಕಾರಿ ಹಾಸ್ಟೆಲುಗಳೂ ರೊಟ್ಟಿ, ಶೇಂಗಾ ಚಟ್ನಿಯನ್ನು ನಮ್ಮಿಂದ ಕೊಳ್ಳಲಿ. ಜಾಮೀನಿಲ್ಲದ ಸಾಲದ ಅರ್ಜಿ ತಿರಸ್ಕರಿಸುವ ಬ್ಯಾಂಕು ಕಾರಣವನ್ನು ಬರೆದುಕೊಡಲಿ.

ಈ ತಿಂಗಳಿನಿಂದಲೇ ಪ್ರತಿ ಸದಸ್ಯೆಯ ಉದ್ಯಮ್ ನೋಂದಣಿ ಆಕೆಯ ಹೆಸರಿನಲ್ಲೇ ಮಾಡಿಸುತ್ತೇವೆ, ಖಾತೆ ಮತ್ತು ಎಟಿಎಂ ಕಾರ್ಡು ಆಕೆಯ ಕೈಯಲ್ಲೇ ಇರುವಂತೆ ನೋಡಿಕೊಳ್ಳುತ್ತೇವೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ನೋಂದಾಯಿತ ಕಿರು ಉದ್ಯಮಕ್ಕೆ 45 ದಿನದೊಳಗೆ ಹಣ ಸಲ್ಲಬೇಕು. ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡ ವ್ಯಾಪಾರಿಗಳ ಪಟ್ಟಿ ಸಿದ್ಧವಾಗುತ್ತಿದೆ. ಮೊದಲು ಅವರ ಅಂಗಡಿಗೇ ಹೋಗಿ ಕೇಳುತ್ತೇವೆ, ಕೊಡದಿದ್ದರೆ ದೂರು ದಾಖಲಿಸುತ್ತೇವೆ.