ಹಗ್ಗವೆಂದು ಕಂಡ ಹಾವು

ಕೆಲವು ದಿನಗಳ ಹಿಂದೆ ಒಂದು ಸಂಜೆ ನಾವು ನಂಜನಗೂಡಿನ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಮೊಮ್ಮಗನಿಗೆ ಸಂಧಿಪ್ರಕರಣವನ್ನು ಹೇಳುತ್ತಿದ್ದೆವು. ಅಷ್ಟರಲ್ಲಿ ಮಂಡಕಳ್ಳಿಯ ವಿಮಾನ ನಿಲ್ದಾಣದ ಕಡೆಯಿಂದ ಪುಟ್ಟ ವಿಮಾನವೊಂದು ಸದ್ದು ಮಾಡುತ್ತ ಬಂದಿತು. ಹುಡುಗನು ಪುಸ್ತಕವನ್ನು ಬಿಸುಟು ಬೀದಿಗೆ ಓಡಿದನು. ಹಿಂದಿರುಗಿ ಬಂದವನೇ, “ತಾತ, ಅದು ಇನ್ನೂ ಕೆಳಗೆ ಬಂದು ಆ ದೊಡ್ಡ ಕಂಬದ ತಂತಿಗೆ ತಗುಲಿದರೆ ಏನಾಗುತ್ತದೆ?” ಎಂದು ಕೇಳಿದನು. “ಸಂಜೆಯ ಹೊತ್ತು ಕೆಟ್ಟ ಮಾತಾಡಬೇಡ” ಎಂದು ಗದರಿಸಿಬಿಟ್ಟೆವು. ರಾತ್ರಿ ಮಲಗಿದ ಮೇಲೆ ಮನಸ್ಸಿಗೆ ನಾಚಿಕೆಯಾಯಿತು. ಪ್ರಶ್ನೆಯನ್ನು ಗದರಿಸಿ ಅಡಗಿಸುವುದು ಉಪಾಧ್ಯಾಯನಾಗಿದ್ದವನಿಗೆ ತಕ್ಕುದಲ್ಲ. ಅಂದು ಕೊಡದಿದ್ದ ಉತ್ತರವನ್ನು ಈ ತಿಂಗಳು ವಾಚಕರ ಮುಂದೆಯೇ ಇಡುತ್ತಿದ್ದೇವೆ.

ನಮ್ಮ ಸೀಮೆಯ ಆಕಾಶಕ್ಕೆ ಮೊದಲು ಬಂದುದು ತಂತಿ; ವಿಮಾನವಲ್ಲ. ನಂಜನಗೂಡಿನ ಮಗ್ಗುಲಲ್ಲಿ ಹರಿಯುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿ, ಮುಂದೆ ಶಿವನಸಮುದ್ರದಲ್ಲಿ ಧುಮುಕುವಳಷ್ಟೆ. ಆ ನೀರಿನ ಬಲದಿಂದ ಹುಟ್ಟಿದ ವಿದ್ಯುತ್ತು 1902ನೆಯ ಇಸವಿಯ ಜೂನ್ ತಿಂಗಳಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಹರಿಯಿತು. ಅಮೆರಿಕದ ರೈಟ್ ಸಹೋದರರ ಯಂತ್ರವು ಮೊದಲು ನೆಲ ಬಿಟ್ಟು ಎದ್ದುದು 1903ರ ಡಿಸೆಂಬರ್ 17ರಂದು. ಮನುಷ್ಯನು ಹಾರಲು ಕಲಿಯುವುದಕ್ಕೆ ಒಂದೂವರೆ ವರ್ಷ ಮುಂಚೆಯೇ ನಮ್ಮ ನದಿಗಳ ತಂತಿಯು ಬಾನಿನಲ್ಲಿ ಬೇಲಿ ಹಾಕಿತ್ತು ಎಂದಾಯಿತು.

ವಿಮಾನಗಳಿಗೆ ನಿಯಮವಿಲ್ಲವೆ? ಉಂಟು. ಕಣ್ಣಿನ ನೋಟವನ್ನೇ ನಂಬಿ ಹಾರುವವರು ಊರುಗಳ ಮೇಲೆ 300 ಮೀಟರಿಗಿಂತಲೂ, ಬಯಲಿನ ಮೇಲೆ 150 ಮೀಟರಿಗಿಂತಲೂ ಕೆಳಗೆ ಬರಬಾರದು. ಏರುವಾಗ, ಇಳಿಯುವಾಗ ಮಾತ್ರ ಇದಕ್ಕೆ ವಿನಾಯಿತಿ. ಅಪಾಯವು ಹೆಚ್ಚಾಗಿ ಕಾದಿರುವುದೂ ಅಲ್ಲಿಯೇ. ಇಳಿಯುವ ಹೊತ್ತಿನಲ್ಲಿ, ಯಂತ್ರವು ಕೆಟ್ಟು ಬಯಲನ್ನು ಹುಡುಕುವ ಹೊತ್ತಿನಲ್ಲಿ, ಮಂಜು ಕವಿದಾಗ, ಇಲ್ಲವೆ ಚಾಲಕನು ನಿಯಮವನ್ನು ಮೀರಿ ಕೆಳಗಿಳಿದಾಗ ತಂತಿಯು ಎದುರಾಗುವುದು.

ಅಷ್ಟು ದೊಡ್ಡ ತಂತಿ ಕಾಣದೆ ಹೋಗುವುದೆಂತು ಎಂದು ಕೇಳಬಹುದು. ಉಕ್ಕಿನ ಗೋಪುರವು ಕಂಡೀತು; ತಂತಿಯು ಕಾಣದು. ಅದು ತೆಳು, ಹಿಂದೆ ಹೊಲ, ಮರ, ಮೋಡಗಳಿದ್ದರೆ ಅವುಗಳಲ್ಲಿ ಬೆರೆತುಹೋಗುವುದು. ಇದಕ್ಕೂ ಮಿಗಿಲಾದ ಮೋಸವೊಂದುಂಟು. ದೊಡ್ಡ ಗೋಪುರಗಳ ನೆತ್ತಿಯ ಮೇಲೆ, ಸಿಡಿಲಿನಿಂದ ರಕ್ಷಣೆಗೆಂದು, ಉಳಿದವುಗಳಿಗಿಂತ ತೆಳುವಾದ ತಂತಿಯೊಂದನ್ನು ಎಳೆದಿರುವರು. ಕೆಳಗಿನ ದಪ್ಪ ತಂತಿಗಳನ್ನು ಕಂಡ ಚಾಲಕನು ಸರಕ್ಕನೆ ಮೇಲೇರಿ, ಕಾಣದ ಈ ತಂತಿಗೆ ಸಿಕ್ಕಿಬೀಳುವುದುಂಟು. ಆದುದರಿಂದಲೇ ತಂತಿಸಾಲನ್ನು ದಾಟಬೇಕಾದಾಗ ನಡುವೆ ದಾಟದೆ ಗೋಪುರದ ನೇರಕ್ಕೆ, ಅದರ ನೆತ್ತಿಯ ಮೇಲೆ ದಾಟಬೇಕೆಂದು ಕಲಿಸುವರು. ಕೆಲವೆಡೆ ತಂತಿಗೆ ಕಟ್ಟಿರುವ ಕಿತ್ತಳೆ ಬಣ್ಣದ ಗುಂಡುಗಳನ್ನು ನೀವು ಕಂಡಿರಬಹುದು. ಅವು ಅಲಂಕಾರಕ್ಕಲ್ಲ, ಚಾಲಕರ ಕಣ್ಣಿಗಾಗಿ.

2019ರ ಆಗಸ್ಟ್ 27ರಂದು ಉತ್ತರ ಪ್ರದೇಶದ ಅಲೀಗಢದ ಬಳಿ ಧನೀಪುರದಲ್ಲಿ ಇಳಿಯುತ್ತಿದ್ದ ಸಣ್ಣ ವಿಮಾನವೊಂದು ವಿದ್ಯುತ್ ತಂತಿಗೆ ಸಿಕ್ಕಿ ನೆಲಕ್ಕಪ್ಪಳಿಸಿತು. ಒಳಗಿದ್ದ ಆರು ಮಂದಿಯೂ ಬದುಕಿದುದು ಪುಣ್ಯ. ನಮ್ಮ ನೆರೆಯ ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಬಳಿ 2023ರ ಜೂನ್ 1ರಂದು ವಾಯುಪಡೆಯ ಕಿರಣ್ ತರಬೇತಿ ವಿಮಾನವು ಬಯಲಿನಲ್ಲಿ ಬಿದ್ದಿತು; ಚಾಲಕರಿಬ್ಬರೂ ಪ್ಯಾರಾಚೂಟಿನ ನೆರವಿನಿಂದ ಪಾರಾದರು. ಅದು ತಂತಿಯ ಪ್ರಕರಣವಲ್ಲ. ಆದರೂ ವಿಮಾನ ಬೀಳುವುದೆಲ್ಲ ದೂರದೇಶದ ಸುದ್ದಿ ಎಂದು ನಾವು ಸುಮ್ಮನಿರುವಂತಿಲ್ಲವೆಂಬುದನ್ನು ತಿಳಿಸಿತು.

ಮೇಲಿರುವವರ ಮಾತು ಅಷ್ಟಿರಲಿ. ಕೆಳಗಿರುವ ಗೃಹಸ್ಥರಾದ ನಾವು ತಿಳಿಯಬೇಕಾದುದು ಬೇರೆಯೇ ಇದೆ. ವಿಮಾನದಿಂದಲೋ, ಬಿರುಗಾಳಿಯಿಂದಲೋ, ಮುರಿದ ಕೊಂಬೆಯಿಂದಲೋ, ತಂತಿ ಹರಿದು ನೆಲಕ್ಕೆ ಬಿದ್ದ ಮೇಲೆ ಅದರ ಗುಣ ಒಂದೇ.

ನಾವು ತಿರುಮಕೂಡಲು ನರಸೀಪುರದ ಕಡೆ ಪಾಠ ಹೇಳುತ್ತಿದ್ದ ಕಾಲ. ಒಂದು ರಾತ್ರಿ ಗಾಳಿಮಳೆಯಾಗಿ, ನಮ್ಮ ಶಿಷ್ಯನೊಬ್ಬನ ಮನೆಯವರ ಗದ್ದೆಯಲ್ಲಿ ತಂತಿಯೊಂದು ಹರಿದು ಬಿದ್ದಿತ್ತು. ಬೆಳಿಗ್ಗೆ ಅವನ ತಂದೆಯು ಎತ್ತುಗಳನ್ನು ಮುಂದೆ ಬಿಟ್ಟುಕೊಂಡು ಹೋದನು. ಎತ್ತುಗಳು ತಂತಿಯನ್ನು ಮುಟ್ಟಲೂ ಇಲ್ಲ. ಅದರ ಬಳಿ ಸಾರಿದೊಡನೆ ಎರಡೂ ಮಂಡಿಯೂರಿ ಉರುಳಿದವು. ಹಗ್ಗ ಹಿಡಿದೆಳೆಯಲು ಅವನು ನುಗ್ಗಲಿದ್ದಾಗ ಹಿಂದೆ ಬುತ್ತಿ ಹೊತ್ತು ಬರುತ್ತಿದ್ದ ಹೆಂಡತಿಯು, “ಎತ್ತು ಹೋದರೆ ಹೋಗಲಿ, ನೀವು ನಿಲ್ಲಿ!” ಎಂದು ಚೀರಿ ಅವನ ತೋಳನ್ನು ಹಿಡಿದುಕೊಂಡಳು. ಶಾಲೆಯ ಮುಖವನ್ನೇ ಕಾಣದ ಆ ತಾಯಿ ಅಂದು ಹೇಳಿದುದಕ್ಕಿಂತ ದೊಡ್ಡ ಪಾಠವನ್ನು ನಾವು ಯಾರಿಗೂ ಹೇಳಿದಂತೆ ನೆನಪಿಲ್ಲ.

ಮುಟ್ಟದೆ ಎತ್ತುಗಳು ಬಿದ್ದುದೇಕೆ? ತಂತಿ ನೆಲಕ್ಕೆ ತಾಗಿದೆಡೆ ವಿದ್ಯುತ್ತಿನ ಒತ್ತಡವು ಅತಿಯಾಗಿದ್ದು, ದೂರ ಹೋದಂತೆಲ್ಲ ಇಳಿಯುತ್ತ ಹೋಗುವುದು. ಒಂದು ಕಾಲು ಹೆಚ್ಚು ಒತ್ತಡವಿರುವೆಡೆ, ಇನ್ನೊಂದು ಕಡಮೆಯಿರುವೆಡೆ ಇದ್ದರೆ ವಿದ್ಯುತ್ತು ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುವುದು. ಪಶುಗಳ ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚು, ಹೊಡೆತವೂ ಹೆಚ್ಚು. ಓಡುವ ಮನುಷ್ಯನ ಹೆಜ್ಜೆಗೂ ಇದೇ ಗತಿ.

ವೇದಾಂತಿಗಳು ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿ ಹೆದರುವವನ ದೃಷ್ಟಾಂತವನ್ನು ಹೇಳುವರು. ಇಲ್ಲಿ ಭ್ರಮೆಯು ತಿರುವುಮುರುವಾಗಿದೆ: ಹಾವನ್ನೇ ಹಗ್ಗವೆಂದು ತಿಳಿದು ಸಾಯುವರು. ಬಿದ್ದ ತಂತಿ ಕಿಡಿ ಕಾರದೆ, ಸದ್ದು ಮಾಡದೆ ಬಿದ್ದಿದ್ದರೂ ಅದರಲ್ಲಿ ಜೀವವಿರಬಹುದು. ಒಮ್ಮೆ ವಿದ್ಯುತ್ತು ನಿಂತರೂ ಉಪಕೇಂದ್ರದ ಯಂತ್ರವು ಕ್ಷಣಮಾತ್ರದಲ್ಲಿ ತಾನಾಗಿಯೇ ಮತ್ತೆ ಹರಿಸಬಹುದು.

ಆದುದರಿಂದ ಮನೆಯ ಮಕ್ಕಳಿಗೂ ಆಳುಗಳಿಗೂ ಇಷ್ಟನ್ನು ಕಲಿಸಿರಿ. ಬಿದ್ದ ತಂತಿಯಿಂದ ಹತ್ತು ಮೀಟರಿಗೂ ಹೆಚ್ಚು ದೂರ ನಿಲ್ಲಬೇಕು. ಹತ್ತಿರದಲ್ಲಿಯೇ ಸಿಕ್ಕಿಕೊಂಡಿದ್ದರೆ ಓಡದೆ, ಪಾದಗಳೆರಡನ್ನೂ ಜೋಡಿಸಿ, ನೆಲದಿಂದ ಎತ್ತದೆ, ಅಂಗುಲ ಅಂಗುಲವಾಗಿ ಸರಿದು ಹೊರಬರಬೇಕು. ಬಿದಿರುಗಳುವಿನಿಂದಲೂ ತಂತಿಯನ್ನು ಎತ್ತಬಾರದು. ಹೊಲಗಳಿಗೆ ಔಷಧ ಸಿಂಪಡಿಸುವ ಡ್ರೋನುಗಳು ತಂತಿಗೆ ಸಿಕ್ಕಿಕೊಂಡರೂ ಹಾಗೆ ಕೆಡಹಲು ಹೋಗಬಾರದು. ಕೂಡಲೇ 1912ಕ್ಕೆ ದೂರವಾಣಿ ಮಾಡಬೇಕು, ಪ್ರಾಣಾಪಾಯವಿದ್ದರೆ 112ಕ್ಕೂ.

ಒಳಗಿರುವವರು ಕೂಗಿಕೊಳ್ಳುತ್ತಿರುವಾಗ ಸುಮ್ಮನೆ ನಿಲ್ಲುವುದು ಕ್ರೌರ್ಯವಲ್ಲವೆ ಎಂದು ಕೇಳುವಿರಿ. 2022ರ ನವೆಂಬರ್ 27ರ ಸಂಜೆ ಅಮೆರಿಕದ ಗೇದರ್ಸ್‌ಬರ್ಗ್ ಎಂಬಲ್ಲಿ ಸಣ್ಣ ವಿಮಾನವೊಂದು ವಿದ್ಯುತ್ ಗೋಪುರಕ್ಕೆ ಹಾಯ್ದು, ಸುಮಾರು ನೂರಡಿ ಎತ್ತರದಲ್ಲಿ ಸಿಕ್ಕಿಕೊಂಡು ನೇತಾಡಿತು. ಹತ್ತಾರು ಸಾವಿರ ಮನೆಗಳು ಕತ್ತಲಾದವು. ಒಳಗಿದ್ದ ಇಬ್ಬರೂ ಗಾಯಗೊಂಡಿದ್ದರು. ಆದರೂ ವಿದ್ಯುತ್ತನ್ನು ನಿಲ್ಲಿಸಿ, ತಂತಿಗಳನ್ನು ನೆಲಕ್ಕೆ ಬೆಸೆದು ನಿಶ್ಚಯಮಾಡಿಕೊಳ್ಳುವ ತನಕ ರಕ್ಷಕರು ಕೈಹಚ್ಚಲಿಲ್ಲ. ಸುಮಾರು ಏಳು ಗಂಟೆಗಳಾದ ಮೇಲೆ ಇಬ್ಬರನ್ನೂ ಜೀವಸಹಿತ ಇಳಿಸಿದರು. ರಕ್ಷಕರಲ್ಲಿ ಒಬ್ಬರೂ ಸಾಯಲಿಲ್ಲ. ಆ ತಾಳ್ಮೆಯೇ ದಯೆ.

ಮರುದಿನ ಬೆಳಿಗ್ಗೆ ಮೊಮ್ಮಗನನ್ನು ಕರೆದು ಇಷ್ಟನ್ನೂ ಹೇಳಿದೆವು. ಅವನು ಎರಡು ಪಾದಗಳನ್ನೂ ಜೋಡಿಸಿಕೊಂಡು ಜಗಲಿಯ ಈ ತುದಿಯಿಂದ ಆ ತುದಿಗೆ ಸರಿದು ತೋರಿಸಿದನು. ಒಳಗಿನಿಂದ ಬಂದ ಅವನ ಅಜ್ಜಿಯು, ಇದೇನು ಹೊಸ ಆಟವೆಂದು ನಕ್ಕಳು. ಆಟವಾಗಿಯೇ ಉಳಿಯಲಿ ಎಂದು ನಾವು ಹಾರೈಸಿದೆವು.