ರಂಗಚರಿತ್ರೆಯಲ್ಲಿ ಪ್ರೇಕ್ಷಕರ ಸ್ಥಾನ

ವಿಲಿಯಂ ಹೊಗಾರ್ತ್ 1733ರಲ್ಲಿ ತಾಮ್ರದ ಫಲಕವನ್ನು ಆಮ್ಲದಿಂದ ಕೊರೆದು ಅಚ್ಚೊತ್ತಿದ ‘ನಗುವ ಪ್ರೇಕ್ಷಕರು’ ಎಂಬ ಎಚಿಂಗ್ ಚಿತ್ರದಲ್ಲಿ ರಂಗವೇ ಕಾಣುವುದಿಲ್ಲ. ಲಂಡನ್ನಿನ ರಂಗಮಂದಿರವೊಂದರಲ್ಲಿ ಒತ್ತೊತ್ತಾಗಿ ಕುಳಿತ ಸಾಮಾನ್ಯರು ಬಾಯ್ತುಂಬ ನಗುತ್ತಿದ್ದಾರೆ. ಮುಂದಿನ ವಾದ್ಯಗಾರರು ತಮ್ಮ ಕೆಲಸದಲ್ಲಿ ಮಗ್ನರು. ಮೇಲೆ ಕುಳಿತ ಶೋಕಿಲಾಲನೊಬ್ಬ ನಾಟಕವನ್ನು ಮರೆತು ಕಿತ್ತಳೆ ಮಾರುವವಳೊಡನೆ ಸರಸಕ್ಕಿಳಿದಿದ್ದಾನೆ. ನಗುವವರ ನಡುವೆ ಒಬ್ಬನ ಮೋರೆ ಮಾತ್ರ ಗಂಟಿಕ್ಕಿದೆ. (ಅವನು ವಿಮರ್ಶಕನೆನ್ನುವವರೂ ಉಂಟು!)

ಕನ್ನಡ ವೃತ್ತಿರಂಗಭೂಮಿಯ ಅಧ್ಯಯನಗಳಲ್ಲಿ ಇಂಥ ನೋಟ ವಿರಳ. ಗರುಡ ಸದಾಶಿವರಾಯರು, ಗುಬ್ಬಿ ವೀರಣ್ಣ, ಏಣಗಿ ಬಾಳಪ್ಪ ಮೊದಲಾದವರ ಸಾಧನೆ ದಾಖಲಾಗಿರುವುದು ಯೋಗ್ಯವೇ. ಆದರೆ ಪ್ರೇಕ್ಷಕರು ‘ಕಿಕ್ಕಿರಿದ ಜನ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಾರೆ. ‘ಒನ್ಸ್ ಮೋರ್’ ಎಂಬ ಕೂಗಿಗೆ ನಟನು ಹಾಡನ್ನು ಮತ್ತೆ ಹಾಡುತ್ತಿದ್ದನು. ಚಪ್ಪಾಳೆ ಬಿದ್ದಲ್ಲಿ ಹಾಸ್ಯಪ್ರಸಂಗ ಬೆಳೆಯುತ್ತಿತ್ತು. ಆಡಿದ ನಾಟಕವು ಬರೆದ ನಾಟಕಕ್ಕಿಂತ ಬೇರೆಯಾದುದು ಈ ಜನರಿಂದ. ಅವರನ್ನು ಬಿಟ್ಟು ಮುದ್ರಿತ ಪಠ್ಯವನ್ನಷ್ಟೇ ವಿಶ್ಲೇಷಿಸುವ ಸಂಶೋಧನೆಯನ್ನು ರಂಗಚರಿತ್ರೆ ಎನ್ನಲಾಗದು.

ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಚಲನಚಿತ್ರವಾಯಿತು. ಅದನ್ನು ಇಂದಿಗೂ ನೋಡಬಹುದು. ಅದೇ ಕಥೆಗೆ ಕಂಪನಿ ಡೇರೆಯೊಳಗೆ ಎದ್ದ ನಗುವಿಗೆ ಅಂಥ ಆಸರೆಯಿಲ್ಲ. ತುಂಗಭದ್ರೆಯ ದಂಡೆಯ ಐರಣಿಯಿಂದ ರಾಣೇಬೆನ್ನೂರಿಗೆ ನಾಟಕ ನೋಡಹೋದವರಾರು, ಹೆಂಗಸರು ಕುಳಿತುದೆಲ್ಲಿ, ಯಾವ ಮಾತಿಗೆ ಸೀಟಿ ಬಿತ್ತು ಎಂಬುದನ್ನು ಹೇಳಬಲ್ಲವರು ಈಗ ಮುಪ್ಪಿನವರು. ಕ್ಷೇತ್ರಕಾರ್ಯದ ಪ್ರಶ್ನಾವಳಿಯು ಕಲಾವಿದರ ಮನೆಯಲ್ಲೇ ನಿಲ್ಲದೆ ಅವರ ಕಟ್ಟೆಗೂ ಹೋಗಬೇಕು, ಅದೂ ಬೇಗನೆ.