ಚಲಚ್ಚಿತ್ರಗಳಿಗೆ ನಕ್ಷತ್ರಾಂಕ

ದೂರದರ್ಶನದಲ್ಲಿ ಬರುವ ಚಲಚ್ಚಿತ್ರಗಳ ಹೆಸರಿನ ಮಗ್ಗುಲಲ್ಲಿ ಎರಡೋ ಮೂರೋ ನಕ್ಷತ್ರಗಳನ್ನಿಟ್ಟು, ಇದು ನೋಡತಕ್ಕುದು, ಇದು ನೋಡತಕ್ಕುದಲ್ಲ ಎಂದು ಮನೆಯವರಿಗೆ ಅಪ್ಪಣೆ ಕೊಡಿಸುವ ಪದ್ಧತಿಯು ಈಗ ಎಲ್ಲೆಡೆಯೂ ಬೇರೂರಿದೆ. ಚಿತ್ರವು ಬಿಡುಗಡೆಯಾದ ವಾರದಲ್ಲಿ ಯಾರೋ ಒಬ್ಬ ಪತ್ರಿಕಾವಿಮರ್ಶಕನು ಕೊಟ್ಟ ಅಂಕವು, ವರ್ಷಗಳ ಬಳಿಕ ಅದೇ ಚಿತ್ರವು ಮನೆಯ ಚಾವಡಿಗೆ ಬಂದಾಗಲೂ ಅದರ ಬೆನ್ನು ಬಿಡುವುದಿಲ್ಲ. ಪತ್ರಿಕೆಯವನು ಬಿಟ್ಟರೆ ಐ.ಎಂ.ಡಿ.ಬಿ. ಎಂಬ ಜಾಲವುಂಟು, ಅಲ್ಲಿ ಹತ್ತಕ್ಕೆ ಇಷ್ಟು ಎಂಬ ಲೆಕ್ಕ. ಕಡಬದಂತಹ ಊರಿನಲ್ಲಿಯೂ ಓದುಬಲ್ಲ ಮನೆಗಳ ಮಕ್ಕಳು ಚಿತ್ರದ ಹೆಸರು ಕಿವಿಗೆ ಬಿದ್ದೊಡನೆ, ಕಥೆ ಯಾರದು, ಮಾಡಿದವರು ಯಾರು ಎಂದು ವಿಚಾರಿಸದೆ, “ರೇಟಿಂಗ್ ಎಷ್ಟು?” ಎಂದು ಕೇಳುತ್ತಾರೆ.

ಈ ಪದ್ಧತಿಯನ್ನು ನಾವು ಒಪ್ಪಲಾರೆವು. ಇಂತಹ ಚಿತ್ರಕ್ಕೆ ನಕ್ಷತ್ರವು ಕಡಿಮೆಯಾಯಿತು, ಅಂತಹದಕ್ಕೆ ಹೆಚ್ಚಾಯಿತು ಎಂಬುದು ನಮ್ಮ ತಕರಾರಲ್ಲ. ಹಾಗೆ ತಕರಾರು ಮಾಡುವವನು ಆ ಅಂಗಡಿಯ ತಕ್ಕಡಿಯನ್ನು ಒಪ್ಪಿಕೊಂಡೇ ತೂಕಕ್ಕೆ ಜಗಳವಾಡುವವನು. ನಕ್ಷತ್ರದೊಡನೆ ಭಿನ್ನಾಭಿಪ್ರಾಯ ಹೊಂದುವುದೇ ಅಸಾಧ್ಯವೆಂಬುದು ನಮ್ಮ ಆಕ್ಷೇಪವು. ವಾದಿಸಬೇಕಾದರೆ ಎದುರಾಳಿಯು ಕಾರಣವನ್ನು ಹೇಳಿರಬೇಕು. “ಕಥೆಯ ಉತ್ತರಾರ್ಧವು ಸಡಿಲವಾಗಿದೆ” ಎಂದರೆ, “ಇಲ್ಲ, ಆ ಸಡಿಲಿಕೆಯಲ್ಲಿಯೇ ಮುದುಕನ ದುಃಖವು ತೋರುತ್ತದೆ” ಎಂದು ಉತ್ತರಿಸಬಹುದು. “ಎರಡೂವರೆ” ಎಂದರೆ ಏನೆಂದು ಉತ್ತರಿಸೋಣ? “ಮೂರೂವರೆ” ಎನ್ನಬಹುದು, ಅಷ್ಟೆ. ಎರಡು ಸಂಖ್ಯೆಗಳು ಎದುರುಬದುರಾಗಿ ನಿಂತವು. ಮಾತು ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ.

ಈ ಗುರುತು ಎಲ್ಲಿಂದ ಬಂದಿತೆಂಬುದನ್ನು ನೋಡಿದರೆ ಅದರ ಸ್ವಭಾವವು ತಿಳಿಯುತ್ತದೆ. ಕಲೆಗೆ ಚಿಹ್ನೆಯಿಂದ ಬೆಲೆ ಕಟ್ಟುವ ಚಾಳಿಯು ಯುರೋಪಿನ ಪ್ರವಾಸ ಕೈಪಿಡಿಗಳದು. ಮರಿಯಾನಾ ಸ್ಟಾರ್ಕ್ ಎಂಬ ಆಂಗ್ಲ ಲೇಖಕಿಯು ೧೮೨೦ರ ತನ್ನ ಕೈಪಿಡಿಯಲ್ಲಿ ಚಿತ್ರ-ಶಿಲ್ಪಗಳ ಹಿರಿಮೆಯನ್ನು ಆಶ್ಚರ್ಯಸೂಚಕ ಚಿಹ್ನೆಗಳ ಸಂಖ್ಯೆಯಿಂದ ತೋರಿಸಿದಳು. ಫ್ರಾನ್ಸಿನಲ್ಲಿ ಗಾಡಿಯ ಟಯರು ಮಾಡುವ ಮಿಶೆಲಿನ್ ಸಂಸ್ಥೆಯು ೧೯೨೬ರಲ್ಲಿ ಭೋಜನಶಾಲೆಗಳಿಗೆ ನಕ್ಷತ್ರ ಕೊಡಲಾರಂಭಿಸಿತು. ಚಲಚ್ಚಿತ್ರಕ್ಕೆ ಅದು ತಗಲಿದುದು ೧೯೨೮ನೆಯ ಇಸವಿ ಜುಲೈ ೩೧ರಂದು. ನ್ಯೂಯಾರ್ಕಿನ ‘ಡೈಲಿ ನ್ಯೂಸ್’ ಪತ್ರಿಕೆಯಲ್ಲಿ ಐರೀನ್ ಥೈರರ್ ಎಂಬವಳು ಒಂದು ಚಿತ್ರಕ್ಕೆ ಒಂದು ನಕ್ಷತ್ರವನ್ನು ಕೊಟ್ಟು, ಮೂರು ಎಂದರೆ ಅತ್ಯುತ್ತಮ, ಎರಡು ಎಂದರೆ ಒಳ್ಳೆಯದು, ಒಂದು ಎಂದರೆ ಸಾಧಾರಣ, ನಕ್ಷತ್ರವೇ ಇಲ್ಲದಿದ್ದರೆ ಕೆಟ್ಟದ್ದು ಎಂದು ವಿವರಿಸಿದಳು. ಎಲ್ಲಿ ಇಳಿಯಬೇಕು, ಎಲ್ಲಿ ಉಣ್ಣಬೇಕು, ಯಾವುದಕ್ಕೆ ಟಿಕೇಟು ಕೊಳ್ಳಬೇಕು—ಇವು ಮೂರೂ ದುಡ್ಡು ಬಿಚ್ಚುವವನ ಪ್ರಶ್ನೆಗಳು. ಅವಸರದಲ್ಲಿರುವ ದಾರಿಹೋಕನಿಗೆ ಅಂತಹ ಗುರುತು ಉಪಯೋಗಕ್ಕೆ ಬಂದೀತು. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ದೂರದರ್ಶನದ ಮುಂದೆ ಕುಳಿತವನು ದಾರಿಹೋಕನಲ್ಲ. ಅವನು ಚಿತ್ರಕ್ಕೆಂದು ಪ್ರತ್ಯೇಕ ಟಿಕೇಟು ಕೊಂಡಿಲ್ಲ. ಪೇಟೆಗೆ ಬಸ್ಸು ಹತ್ತಿಲ್ಲ. ಬೇಸರವಾದರೆ ಎದ್ದು ಹಟ್ಟಿಗೆ ಹೋಗಿ ದನಕ್ಕೆ ಹುಲ್ಲು ಹಾಕಿ ಬರಬಹುದು. ನಷ್ಟದ ಭಯವೇ ಇಲ್ಲದಲ್ಲಿ ನಷ್ಟದಿಂದ ಕಾಪಾಡುವವನಿಗೆ ಏನು ಕೆಲಸ? ೧೯೮೦ರ ದಶಕದಲ್ಲಿ ದಿಲ್ಲಿಯ ದೂರದರ್ಶನವು ಭಾನುವಾರ ಮಧ್ಯಾಹ್ನ ದೇಶಭಾಷೆಗಳ ಚಿತ್ರಗಳನ್ನು ಪ್ರಸಾರಮಾಡುತ್ತಿದ್ದಿತು. ಬಂಗಾಳಿಯೋ ಅಸ್ಸಾಮಿಯೋ ಮಲಯಾಳವೋ, ಬಂದುದನ್ನು ಜನರು ನೋಡಿದರು. ಕೆಲವರು ನಿದ್ದೆಹೋದರು, ಕೆಲವರಿಗೆ ಕಣ್ಣು ತೆರೆಯಿತು. ಯಾರಿಗೆ ಯಾವುದು ಆಗುವುದೆಂದು ಮುಂಚಿತವಾಗಿ ಬರೆದಿಟ್ಟವರಿರಲಿಲ್ಲ.

ಅಮೇರಿಕದಲ್ಲಿ ದೂರದರ್ಶನದ ಚಿತ್ರಗಳಿಗೆಂದೇ ಕೈಪಿಡಿಯೊಂದನ್ನು ಮಾಡಿದವನು ಲಿಯೊನಾರ್ಡ್ ಮಾಲ್ಟಿನ್. ೧೯೬೯ರಲ್ಲಿ, ತನ್ನ ಹದಿನೆಂಟರ ಹರೆಯದಲ್ಲಿ, ಅವನು ಹೊರತಂದ ‘ಟೀವಿ ಮೂವೀಸ್’ ಎಂಬ ಪುಸ್ತಕವು ಹೆಸರು ಬದಲಿಸಿ ಬೆಳೆಯುತ್ತ ೨೦೧೪ರ ಕೊನೆಯ ಆವೃತ್ತಿಯವರೆಗೆ ನಡೆಯಿತು. ಗರಿಷ್ಠವು ನಾಲ್ಕು ನಕ್ಷತ್ರ. ಆತನಿಗೆ ನ್ಯಾಯವಾಗಿ ಸಲ್ಲತಕ್ಕುದನ್ನು ಸಲ್ಲಿಸೋಣ: ನಕ್ಷತ್ರದ ಜೊತೆಗೆ ಕೆಲವು ಸಾಲುಗಳ ಅಭಿಪ್ರಾಯವೂ ಅಲ್ಲಿತ್ತು. ಆದರೂ ೧೯೭೬ರಲ್ಲಿ ಕಾನ್ ಉತ್ಸವದ ಪರಮಪ್ರಶಸ್ತಿಯನ್ನು ಪಡೆದ ‘ಟ್ಯಾಕ್ಸಿ ಡ್ರೈವರ್’ ಚಿತ್ರಕ್ಕೆ ಅಲ್ಲಿ ಸಿಕ್ಕಿದುದು ಎರಡೇ; ‘ಬ್ಲೇಡ್ ರನ್ನರ್’ ಚಿತ್ರಕ್ಕೆ ಒಂದೂವರೆ. ತನಗೆ ಹಿಡಿಸಲಿಲ್ಲವೆನ್ನುವ ಅಧಿಕಾರವು ಅವನಿಗಿತ್ತು. ಸಾಲುಗಳನ್ನು ಓದಿದವನು ಅವನೊಡನೆ ಜಗಳವಾಡಬಹುದಾಗಿತ್ತು. ಕಾರ್ಯಕ್ರಮಪಟ್ಟಿಯ ಇಕ್ಕಟ್ಟಿನಲ್ಲಾದರೋ ಮೊದಲು ಬೀಳುವುದು ಸಾಲು, ಉಳಿಯುವುದು ನಕ್ಷತ್ರ. ತೀರ್ಪಿನ ಕಾರಣಗಳನ್ನು ಸುಟ್ಟು ಶಿಕ್ಷೆಯನ್ನು ಮಾತ್ರ ಜಾರಿಮಾಡಿದಂತಾಯಿತು.

ವರ್ಗೀಕರಣವೇ ಬೇಡವೆನ್ನುವಿರಾ ಎಂದು ಕೇಳುವವರುಂಟು. ಅಡಿಕೆ ಬೆಳೆಯುವ ನಾಡಿನಲ್ಲಿ ಕುಳಿತು ನಾವು ಹಾಗೆ ಹೇಳಲಾಗದು. ಚಾಲಿ ಅಡಿಕೆಯಲ್ಲಿ ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಹೆಂಗಸರು ಮಕ್ಕಳೂ ಬೇರ್ಪಡಿಸಬಲ್ಲರು. ೧೯೭೩ರಲ್ಲಿ ಕ್ಯಾಂಪ್ಕೊ ಸ್ಥಾಪನೆಯಾದುದಕ್ಕೆ ಮೊದಲೂ ಈ ವಿಂಗಡಣೆಯು ಪೇಟೆಯಲ್ಲಿ ನಡೆದೇ ಇತ್ತು. ಆದರೆ ದರ ಹೇಳುವವನೊಡನೆ ಒಪ್ಪಿಗೆಯಾಗದಿದ್ದರೆ ಏನು ಮಾಡುತ್ತೇವೆ? ಗೋಣಿಯಿಂದ ಒಂದು ಹಿಡಿ ತೆಗೆದು, ಕತ್ತಿಯಿಂದ ಅಡಿಕೆಯನ್ನು ಎರಡು ಹೋಳುಮಾಡಿ ಅವನ ಮುಂದೆ ಹಿಡಿಯುತ್ತೇವೆ. ಒಳಗಿನ ಬಿಳುಪು ಇಬ್ಬರ ಕಣ್ಣಿಗೂ ಒಂದೇ. ದರ್ಜೆಗೆ ಮರ್ಯಾದೆ ಬರುವುದು ಆ ಕತ್ತಿಯಿಂದ. ನಕ್ಷತ್ರ ಹಾಕುವವನು ಅಡಿಕೆಯನ್ನು ಒಡೆದು ತೋರಿಸುವುದಿಲ್ಲ. ಗೋಣಿಯ ಹೊರಗಡೆಗೆ ಮಸಿಯಲ್ಲಿ ಗುರುತು ಹಾಕಿ ಹೋಗಿಬಿಡುತ್ತಾನೆ. ನಕ್ಷತ್ರ ನೋಡಿಯೇ ಮದುವೆ ನಿಶ್ಚಯಿಸುವ ಜೋಯಿಸರು ಕೂಡ ಎಂಟು ಕೂಟಗಳನ್ನು ಬೇರೆಬೇರೆಯಾಗಿ ಎಣಿಸಿ ಮೂವತ್ತಾರು ಗುಣಗಳಲ್ಲಿ ಎಷ್ಟು ಬಂತು, ಎಲ್ಲಿ ತಪ್ಪಿತು ಎಂದು ಲೆಕ್ಕ ಒಪ್ಪಿಸುತ್ತಾರೆ. ನಮ್ಮ ಚಿತ್ರವಿಮರ್ಶಕರಿಗೆ ಅಷ್ಟು ತಾಳ್ಮೆಯೂ ಇಲ್ಲ.

ಈಗ ನಮ್ಮ ನೆಲದ ಚಿತ್ರವೊಂದನ್ನೇ ತೆಗೆದುಕೊಳ್ಳೋಣ. ಶಿವರಾಮ ಕಾರಂತರ ‘ಬೆಟ್ಟದ ಜೀವ’ವು ೧೯೪೩ರಲ್ಲಿ ಪ್ರಕಟವಾದ ಕಾದಂಬರಿ. ಅದರ ಕಾಡು, ತೋಟ, ಹೊಳೆ ಎಲ್ಲವೂ ಸುಬ್ರಹ್ಮಣ್ಯದ ಸುತ್ತಲಿನವು, ಕುಮಾರಪರ್ವತದ ಬುಡದವು. ಅಂದರೆ ಇಂದಿನ ಕಡಬ ತಾಲೂಕಿನ ಮತ್ತು ಅದರ ನೆರೆಯ ನೆಲದ ಕಥೆಯೇ ಅದು. ದಾರಿ ತಪ್ಪಿದ ಒಬ್ಬನು ಕಾಡಿನ ನಡುವಣ ಮನೆಯೊಂದರಲ್ಲಿ ಉಳಿದು, ಗೋಪಾಲಯ್ಯ-ಶಂಕರಮ್ಮ ಎಂಬ ಮುದುಕ ಮುದುಕಿಯರ ಬಾಳನ್ನು ನೋಡುತ್ತಾನೆ. ಮಗನು ಮನೆಬಿಟ್ಟು ಹೋಗಿದ್ದಾನೆ. ಮುದುಕನು ತೋಟ ಮಾಡುವುದನ್ನು ಬಿಟ್ಟಿಲ್ಲ. ಪಿ. ಶೇಷಾದ್ರಿಯವರು ಇದನ್ನು ಚಿತ್ರವಾಗಿಸಿದರು, ದತ್ತಾತ್ರೇಯರು ಗೋಪಾಲಯ್ಯನಾದರು, ೨೦೧೦ನೆಯ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಪರಿಸರ ಸಂರಕ್ಷಣೆಯ ಕುರಿತಾದ ಶ್ರೇಷ್ಠ ಚಿತ್ರವೆಂಬ ಮನ್ನಣೆಯು ಇದಕ್ಕೆ ದೊರೆಯಿತು.

ಈ ಚಿತ್ರಕ್ಕೆ ಎಷ್ಟು ನಕ್ಷತ್ರ? ಪೇಟೆಯ ಹವಾನಿಯಂತ್ರಿತ ಮಂದಿರದಲ್ಲಿ ಆ ವಾರದ ನಾಲ್ಕನೆಯ ಚಿತ್ರವನ್ನು ನೋಡುತ್ತ ಕುಳಿತವನಿಗೆ, ಮುದುಕನೊಬ್ಬನು ತೋಟದಲ್ಲಿ ನಡೆದಾಡುವುದು, ಜಗಲಿಯಲ್ಲಿ ಕುಳಿತು ಮಾತಾಡುವುದು, ಮತ್ತೆ ನಡೆದಾಡುವುದು ‘ನಿಧಾನ’ವಾಗಿ ತೋರಬಹುದು. ನಿಧಾನಕ್ಕೆ ಅರ್ಧ ನಕ್ಷತ್ರ ಖೋತಾ. ಎಲೆಚುಕ್ಕಿ ರೋಗವು ತೋಟಕ್ಕೆ ಬಿದ್ದು, ಮಗನು ಬೆಂಗಳೂರಿನಲ್ಲಿದ್ದು, ಮದ್ದು ಬಿಡುವ ಆಳಿಗೆ ಕಾಯುತ್ತ ಇರುವ ಮನೆಯಲ್ಲಿ ಆ ನಿಧಾನವು ದೋಷವಲ್ಲ. ಅದು ಆ ಮನೆಯ ಗಡಿಯಾರವು. ಅಲ್ಲಿ ಕುಳಿತವರಿಗೆ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಶಂಕರಮ್ಮನ ಮೌನವು ಚಿತ್ರದಲ್ಲಿ ಪುಸ್ತಕದಷ್ಟು ಒತ್ತುತ್ತದೆಯೋ? ಕಾಡನ್ನು ಕಡಿದು ತೋಟ ಮಾಡಿದ ಸಾಹಸಿಯ ಕಥೆಯು ಪರಿಸರರಕ್ಷಣೆಯ ಪ್ರಶಸ್ತಿಯನ್ನು ಪಡೆದುದು ಹೇಗೆ? ಈ ಎರಡನೆಯ ಪ್ರಶ್ನೆಯೊಂದೇ ಒಂದು ಸಂಜೆಯ ಚರ್ಚೆಗೆ ಸಾಕು. ನಮ್ಮ ಅಜ್ಜಂದಿರು ಮಾಡಿದುದು ಕೃಷಿಯೋ ಕಾಡಿನ ಕೊಲೆಯೋ ಎಂಬಲ್ಲಿಗೆ ಅದು ಹೋಗಿ ಮುಟ್ಟುತ್ತದೆ. ಆ ಮಾತು ಈ ಮನೆಗಳಲ್ಲಿ ನಡೆಯಬೇಕಾದ ಮಾತು. ಹೆಸರಿನ ಮಗ್ಗುಲಲ್ಲಿ ಸಂಖ್ಯೆಯನ್ನು ಕಂಡು ಹುಡುಗನು ಬೇರೆ ವಾಹಿನಿಗೆ ತಿರುಗಿಸಿದರೆ, ತನ್ನ ಮನೆಯ ಹಿಂದಣ ಬೆಟ್ಟದ ಕಥೆಯೆಂದು ತಿಳಿಯುವ ಮೊದಲೇ ಅದು ತಪ್ಪಿಹೋಯಿತು.

ಅಂದಿನ ಅಂಕವು ಇಂದಿಗೆ ಸಲ್ಲುವುದೆಂಬ ನಂಬಿಕೆಯೂ ದುರ್ಬಲವಾದುದು. ‘ಸಂಸ್ಕಾರ’ ಚಿತ್ರಕ್ಕೆ ಮದರಾಸಿನ ಸೆನ್ಸಾರು ಮಂಡಳಿಯು ಮೊದಲು ಪ್ರದರ್ಶನದ ಅನುಮತಿಯನ್ನೇ ನಿರಾಕರಿಸಿತು. ಅದೇ ಚಿತ್ರವು ೧೯೭೦ನೆಯ ಸಾಲಿನ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಗಳಿಸಿತು. ೧೯೭೭ರ ‘ಘಟಶ್ರಾದ್ಧ’ವು ನಲುವತ್ತೇಳು ವರ್ಷಗಳ ಬಳಿಕ, ೨೦೨೪ರಲ್ಲಿ, ಸಂಸ್ಕರಿಸಿದ ಪ್ರತಿಯಾಗಿ ವೆನಿಸ್ ಉತ್ಸವಕ್ಕೆ ಹೋಯಿತು. ಚಿತ್ರವು ಅದೇ, ನೋಡುವವರು ಬೇರೆಯಾಗುತ್ತ ಬಂದರು. ಪಂಚಾಂಗವನ್ನಾದರೂ ವರ್ಷಕ್ಕೊಮ್ಮೆ ಹೊಸದಾಗಿ ಗುಣಿಸುತ್ತಾರೆ.

ಒಬ್ಬನ ಅಂಕವನ್ನು ನಂಬಬೇಡಿ, ಸಾವಿರಾರು ಜನರ ಸರಾಸರಿಯನ್ನು ನಂಬಿ, ಅದು ಪ್ರಜಾಪ್ರಭುತ್ವವು ಎಂದು ಹೇಳುವವರಿದ್ದಾರೆ. ಸರಾಸರಿಯೆಂದರೇನು? ನಟನೊಬ್ಬನ ಅಭಿಮಾನಿಗಳು ಹತ್ತಕ್ಕೆ ಹತ್ತನ್ನೂ, ಅವನ ಪ್ರತಿಸ್ಪರ್ಧಿಯ ಅಭಿಮಾನಿಗಳು ಅಷ್ಟೇ ಸಂಖ್ಯೆಯಲ್ಲಿ ಹತ್ತಕ್ಕೆ ಒಂದನ್ನೂ ಕೊಟ್ಟರೆಂದಿಟ್ಟುಕೊಳ್ಳಿ; ಸರಾಸರಿಯು ಐದೂವರೆ. ಐದೂವರೆಯೆಂದು ಅಭಿಪ್ರಾಯಪಟ್ಟ ಮನುಷ್ಯನು ಲೋಕದಲ್ಲಿ ಒಬ್ಬನೂ ಇಲ್ಲ. ಯಾರದೂ ಅಲ್ಲದ ಅಭಿಪ್ರಾಯವು ಎಲ್ಲರದೆಂದು ಮೆರೆಯುತ್ತದೆ. ಇನ್ನು ತುಳು, ಹವ್ಯಕ, ಅರೆಭಾಷೆಗಳ ಚಿತ್ರಗಳಿಗೆ ಮತ ಹಾಕುವವರೇ ಕಡಿಮೆ. ಅವುಗಳ ಗತಿಯನ್ನು ಹತ್ತಿಪ್ಪತ್ತು ಜನ ಗೆಳೆಯರೋ ವೈರಿಗಳೋ ತಿರುಗಿಸಿಬಿಡಬಹುದು. ನೆಟ್‌ಫ್ಲಿಕ್ಸ್ ಸಂಸ್ಥೆಯು ೨೦೧೭ರಲ್ಲಿ ತನ್ನ ಐದು ನಕ್ಷತ್ರಗಳನ್ನು ತೆಗೆದುಹಾಕಿ ಹೆಬ್ಬೆಟ್ಟನ್ನು ಇಟ್ಟಿತು. ಅಕ್ಷರ ಬಲ್ಲವರಿಂದಲೂ ಹೆಬ್ಬೆಟ್ಟು ಒತ್ತಿಸುವ ಕಾಲ!

ಇದರ ಕೊನೆಯು ಎಲ್ಲಿಗೆ ಮುಟ್ಟಿತೆಂಬುದನ್ನು ೨೦೨೫ರ ದಶಂಬರದಲ್ಲಿ ಕಂಡೆವು. ‘ದಿ ಡೆವಿಲ್’ ಎಂಬ ಕನ್ನಡ ಚಿತ್ರವು ಬಿಡುಗಡೆಯಾದಾಗ, ಟಿಕೇಟು ಮಾರುವ ಬುಕ್‌ಮೈಶೋ ಜಾಲದಲ್ಲಿ ಅದರ ಅಂಕಗಳನ್ನೂ ಅಭಿಪ್ರಾಯಗಳನ್ನೂ ನ್ಯಾಯಾಲಯದ ಆಜ್ಞೆಯ ಮೇರೆಗೆ ತಡೆಹಿಡಿಯಲಾಯಿತು. ನಕ್ಷತ್ರವು ಹೋಯಿತೆಂದು ನಾವು ಸಂತೋಷಪಡಬೇಕಾಗಿತ್ತು, ಪಡಲಿಲ್ಲ. ಯಾಕೆಂದರೆ ಅದರೊಡನೆ ಮಾತೂ ಹೋಯಿತು. ಕಾರಣ ಕೊಟ್ಟು ಬರೆದವನನ್ನೂ ಗುಂಪು ಕಟ್ಟಿ ಒಂದೊಂದು ಅಂಕ ಒತ್ತಿದವನನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಹೊರಗಿಡಬೇಕಾಯಿತು. ನಕ್ಷತ್ರಕ್ಕೆ ಜೋತುಬಿದ್ದ ವಿಮರ್ಶೆಯ ಪಾಡು ಇದು.

ನಮ್ಮ ಸೀಮೆಯಲ್ಲಿ ಕಲೆಯನ್ನು ಅಳೆಯುವ ರೂಢಿಯು ಇರಲಿಲ್ಲವೆಂದಲ್ಲ. ಬಹಳ ನಿಷ್ಠುರವಾಗಿಯೇ ಇತ್ತು, ಇದೆ. ಆಟವು ಮುಗಿದ ಮರುದಿನ ಬೆಳಗ್ಗೆ ಹೋಟೇಲಿನ ಬೆಂಚಿನಲ್ಲಿ ಕುಳಿತವರ ಮಾತನ್ನು ಕೇಳಿರಿ. ಭಾಗವತರು ಪೂರ್ವಾರ್ಧದಲ್ಲಿ ಸ್ವರ ಬಿಗಿಹಿಡಿದರು. ಚೆಂಡೆಯವನು ಪದವನ್ನು ನುಂಗಿದನು. ಪ್ರಯಾಣಕುಣಿತವು ಚೆನ್ನಾಯಿತು, ಆದರೆ ಸಂವಾದಕ್ಕೆ ಉಸಿರು ಉಳಿಯಲಿಲ್ಲ. ತಾಳಮದ್ದಳೆಯಲ್ಲಾದರೆ ಇನ್ನೂ ಸೂಕ್ಷ್ಮವು. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ವಾಲಿಯಾಗಿ ರಾಮನಿಗೆ ಎಸೆದ ಪ್ರಶ್ನೆಯೊಂದು ಧರ್ಮಸಮ್ಮತವೋ, ಕೇವಲ ಮಾತಿನ ಮಲ್ಲಯುದ್ಧವೋ ಎಂದು ಚರ್ಚಿಸಬಲ್ಲ ಕೃಷಿಕರನ್ನು ಪುತ್ತೂರು, ಸುಳ್ಯ, ಕಡಬಗಳ ಸುತ್ತಿನಲ್ಲಿ ಹುಡುಕಬೇಕಾಗಿಲ್ಲ. ಅವರಲ್ಲಿ ಯಾರಾದರೂ “ನಿನ್ನೆಯ ವಾಲಿಗೆ ಮೂರು ನಕ್ಷತ್ರ” ಎಂದರೆ ಉಳಿದವರು ಅವನಿಗೆ ಜ್ವರ ಬಂದಿದೆಯೋ ಎಂದು ಹಣೆ ಮುಟ್ಟಿ ನೋಡಿಯಾರು. ಇದೇ ಜನರ ಮಕ್ಕಳು ಮೊಮ್ಮಕ್ಕಳು ಚಲಚ್ಚಿತ್ರದ ಮುಂದೆ ಕುಳಿತೊಡನೆ ಸಂಖ್ಯೆಯನ್ನು ಕೇಳುತ್ತಾರಲ್ಲ, ಅದೇ ನಮಗೆ ಸೋಜಿಗವು, ವ್ಯಥೆಯೂ. ಆಟಕ್ಕೆ ಇದ್ದ ಬಾಯಿಯು ಚಿತ್ರಕ್ಕೆ ಯಾಕಿಲ್ಲ?

ಚಿತ್ರಗಳು ಹೆಚ್ಚು, ಸಮಯ ಕಡಿಮೆ. ಏನಾದರೊಂದು ಸೂಚನೆ ಬೇಡವೇ ಎಂದು ಗೃಹಸ್ಥರು ಕೇಳುವುದು ಸಹಜವು. ಬೇಕು. ಮಕ್ಕಳೊಡನೆ ಕುಳಿತು ನೋಡಬಹುದೇ ಎಂಬುದನ್ನು ತಿಳಿಯುವುದು ಅವಶ್ಯವೇ. ಅದನ್ನು ನಕ್ಷತ್ರವು ಎಂದೂ ಹೇಳಿಲ್ಲ. ಪತ್ರಿಕೆಗಳೂ ವಾಹಿನಿಗಳೂ ಚಿತ್ರದ ಹೆಸರಿನೊಡನೆ ನಿರ್ದೇಶಕನ ಹೆಸರು, ಕಥೆಯು ಯಾರದೆಂಬುದು, ವರ್ಷ, ಭಾಷೆ, ಕಥೆ ನಡೆಯುವ ಊರು, ನೋಡಿದವನೊಬ್ಬನ ಎರಡು ವಾಕ್ಯ ಮತ್ತು ಆ ವಾಕ್ಯದ ಕೆಳಗೆ ಅವನ ಹೆಸರು—ಇಷ್ಟನ್ನು ಅಚ್ಚುಹಾಕಲಿ. ‘ಬೆಟ್ಟದ ಜೀವ, ೨೦೧೦, ಕಾರಂತರ ಕಾದಂಬರಿ, ಪಿ. ಶೇಷಾದ್ರಿ, ಸುಬ್ರಹ್ಮಣ್ಯದ ಕಾಡು, ಮಗನಿಗಾಗಿ ಕಾಯುವ ಮುದುಕ ಮುದುಕಿ’ ಎಂಬುದಕ್ಕೆ ಬೇಕಾಗುವ ಸ್ಥಳವು ಐದು ನಕ್ಷತ್ರಗಳ ಸ್ಥಳಕ್ಕಿಂತ ಎರಡು ಅಂಗುಲ ಹೆಚ್ಚಾದೀತು. ಅಂತಹ ಪಟ್ಟಿಯನ್ನು ನೋಡಿ ಬಿಳಿನೆಲೆಯಲ್ಲಿಯೋ ಪಂಜದಲ್ಲಿಯೋ ಯಾರಾದರೊಬ್ಬರು ವಾಹಿನಿಯನ್ನು ತಿರುಗಿಸದೆ ಕುಳಿತಾರು, ಮರುದಿನ ಆ ಎರಡು ವಾಕ್ಯ ಬರೆದವನಿಗೆ ಹೆಸರು ಹಿಡಿದು ಜವಾಬು ಬರೆದಾರು.